ಆದರ್ಶದಲ್ಲಿ ಸೀಟ್ ಆಯ್ತು, ಮುಂದೇನು? ದಿನಾ ಮನೆಯಿಂದ ಓಡಾಡುವ ಹುಡುಗರ ಮನೆಯವರಿಗೆ

ಬೇಸಿಗೆ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯಕ್ಕೆ. "ಸರ್, ಮಗನಿಗೆ ಆದರ್ಶದಲ್ಲಿ ಸೀಟ್ ಆಗಿದೆ, ಈಗ ಏನ್ ಮಾಡ್ಬೇಕು?" ಇನ್ನು ಕೆಲವರು ಮುಂಚೆಯೇ ಕೇಳುತ್ತಾರೆ, ಪರೀಕ್ಷೆ ಬರೆಸೋದಾ ಬೇಡ್ವಾ ಅಂತ. ಚಳ್ಳಕೆರೆ, ಹೊಳಲ್ಕೆರೆ, ಜಗಳೂರು, ಭರಮಸಾಗರ, ಎಲ್ಲ ಕಡೆಯಿಂದಲೂ ಅದೇ ಪ್ರಶ್ನೆ. ನಾನು ಚಿತ್ರದುರ್ಗದ ಕಡೆ ಆರನೇ ಕ್ಲಾಸಿಗೆ ಗಣಿತ ಹೇಳಿಕೊಡುವ ಮೇಷ್ಟ್ರು. ಒಬ್ಬೊಬ್ಬರಿಗೂ ಅರ್ಧ ಗಂಟೆ ಫೋನಲ್ಲಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲಿಗೆ ಇದು ಯಾವ ಶಾಲೆ ಅಂತ ಗೊತ್ತಿಲ್ಲದವರಿಗೆ. ಆದರ್ಶ ವಿದ್ಯಾಲಯ ಅಂದರೆ ತಾಲ್ಲೂಕು ಮಟ್ಟದ ಸರ್ಕಾರಿ ಶಾಲೆ. 6ರಿಂದ 10ನೇ ತರಗತಿವರೆಗೆ, ಇಂಗ್ಲಿಷ್ ಮಾಧ್ಯಮ. ಐದನೇ ಕ್ಲಾಸಲ್ಲಿ ಓದುತ್ತಿರುವ ಮಕ್ಕಳು ಪ್ರವೇಶ ಪರೀಕ್ಷೆ ಬರೆದು ಬರಬೇಕು. ಆ ಪರೀಕ್ಷೆ ನಡೆಸುವುದು ಎಸ್ಸೆಸ್ಸೆಲ್ಸಿ ನಡೆಸುವ ಮಂಡಳಿಯೇ, ಅಂದರೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ನವೋದಯ, ಮೊರಾರ್ಜಿ ಶಾಲೆಗಳಲ್ಲಿ ಮಕ್ಕಳು ಅಲ್ಲೇ ಉಳಿದು ಓದುತ್ತಾರೆ. ಇಲ್ಲಿ ಹುಡುಗರಿಗೆ ವಸತಿ ಇಲ್ಲ. ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರಬೇಕು.

ಹುಡುಗರ ಬಗ್ಗೆಯೇ ಯಾಕೆ ಬರೆಯುತ್ತಿದ್ದೇನೆ ಅಂದರೆ, ಈ ಶಾಲೆಗಳಲ್ಲಿ ಹುಡುಗಿಯರೂ ಇರುತ್ತಾರೆ, ಆದರೆ ನನಗೆ ಬರುವ ಪ್ರಶ್ನೆಗಳು ಜಾಸ್ತಿ ಗಂಡುಮಕ್ಕಳ ಮನೆಯಿಂದ. ಮೊದಲ ವರ್ಷ ತಬ್ಬಿಬ್ಬಾಗುವವರಲ್ಲಿಯೂ ಹುಡುಗರೇ ಜಾಸ್ತಿ ಅನ್ನೋದು ನಾನು ಕಣ್ಣಾರೆ ಕಂಡಿದ್ದು. ಹುಡುಗಿ ಬಸ್ ಇಳಿದು ನೆಟ್ಟಗೆ ಮನೆಗೆ ಬಂದಳಾ ಅಂತ ನಾವು ನೋಡುತ್ತೇವೆ. ಹುಡುಗ ಬಸ್‌ಸ್ಟ್ಯಾಂಡಲ್ಲಿ ಒಂದು ಗಂಟೆ ಕಳೆದರೂ ಕೇಳೋರಿಲ್ಲ. ಬಸ್ ಪಾಸಿನ ವಿಷಯ ಬಿಟ್ಟರೆ ಕೆಳಗಿನದೆಲ್ಲ ಹುಡುಗಿಯರ ಮನೆಯವರಿಗೂ ಆಗುತ್ತೆ.

ನನ್ನ ಮಾತು ಇಷ್ಟೇ: ಸೀಟ್ ಸಿಗೋದು ದೊಡ್ಡ ಕಷ್ಟವಲ್ಲ, ಆರನೇ ಕ್ಲಾಸಿನ ಮೊದಲ ಮೂರು ತಿಂಗಳು ದಾಟೋದು ಕಷ್ಟ. ಎಲ್ಲರೂ ಪರೀಕ್ಷೆಗೆ ವರ್ಷಗಟ್ಟಲೆ ತಯಾರಿ ಮಾಡಿಸುತ್ತಾರೆ, ಆ ಮೂರು ತಿಂಗಳಿಗೆ ಯಾರೂ ಮಾಡಿಸುವುದಿಲ್ಲ.

ಹಂತ 1: ಅರ್ಜಿ ಹಾಕುವ ಮುಂಚೆ ದಾರಿ ನೋಡಿ

ಒಂದು ಸೋಮವಾರ ಬೆಳಗ್ಗೆ ನೀವೇ ಮಗನ ಜೊತೆ ಬಸ್ ಹತ್ತಿ. ಬೈಕಲ್ಲಿ ಹೋಗಬೇಡಿ. ಊರ ಗೇಟಲ್ಲಿ ನಿಂತು, ಬರುವ ಬಸ್ ಹತ್ತಿ, ಇಳಿದು, ಶಾಲೆಯ ಗೇಟಿನವರೆಗೆ ನಡೆಯಿರಿ. ಎಷ್ಟು ಹೊತ್ತಾಯಿತು ಅಂತ ಬರೆದಿಟ್ಟುಕೊಳ್ಳಿ. ಸಂಜೆ ವಾಪಸ್ ಬರುವ ಬಸ್ ಎಷ್ಟೊತ್ತಿಗೆ ಇದೆ, ಅದು ತಪ್ಪಿದರೆ ಮುಂದಿನದು ಯಾವುದು ಅಂತಲೂ ಕೇಳಿಕೊಂಡು ಬನ್ನಿ.

ಒಂದು ಕಡೆಗೆ ಒಂದು ಗಂಟೆಯೊಳಗೆ ಆದರೆ ಚಿಂತೆಯಿಲ್ಲ. ಒಂದೂವರೆ ಗಂಟೆ ಮೀರಿದರೆ, ಹತ್ತು ಹನ್ನೊಂದು ವರ್ಷದ ಹುಡುಗ ದಿನಕ್ಕೆ ಮೂರು ಗಂಟೆ ಬಸ್ಸಲ್ಲಿ, ಅದೂ ನಿಂತುಕೊಂಡು, ಕಳೆಯುತ್ತಾನೆ ಅಂತ ಲೆಕ್ಕ. ಸಂಜೆ ಬಂದವನಿಗೆ ಪುಸ್ತಕ ಮುಟ್ಟಲು ಶಕ್ತಿ ಇರಲ್ಲ. ಅಷ್ಟು ದೂರ ಇದ್ದರೆ ಎರಡು ದಾರಿ. ತಾಲ್ಲೂಕು ಕೇಂದ್ರದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ಪೂರ್ವ ವಿದ್ಯಾರ್ಥಿ ನಿಲಯಗಳಿರುತ್ತವೆ, ಅಂದರೆ ಎಸ್ಸೆಸ್ಸೆಲ್ಸಿವರೆಗಿನ ಮಕ್ಕಳ ಹಾಸ್ಟೆಲ್. ಅಲ್ಲಿ ಜಾಗ ಸಿಗುತ್ತಾ ವಿಚಾರಿಸಿ. ಇಲ್ಲವೇ ವಸತಿ ಶಾಲೆಗೇ ಪ್ರಯತ್ನಿಸಿ. ದೂರದಿಂದ ಬರುವ ಮಗುವನ್ನು ಮೂರನೇ ತಿಂಗಳಲ್ಲಿ ಬಿಡಿಸಿ ಊರ ಶಾಲೆಗೆ ವಾಪಸ್ ಸೇರಿಸಿದ ಮನೆಗಳನ್ನು ನೋಡಿದ್ದೇನೆ. ಆ ಮಗುವಿಗೆ ತಾನು ಸೋತೆ ಅನಿಸಿಬಿಡುತ್ತೆ, ಸೋತಿದ್ದು ಅವನಲ್ಲ, ದಾರಿ.

ಹಂತ 2: ಕಾಗದ ಪತ್ರ

ಇದನ್ನು ಬೇಗ ಮುಗಿಸೋಣ. ಅರ್ಜಿ ಆನ್‌ಲೈನ್. ಮಗ ಓದುತ್ತಿರುವ ಶಾಲೆಯಿಂದ ಸ್ಯಾಟ್ಸ್ ಸಂಖ್ಯೆ ಬೇಕು. ಇದು ರಾಜ್ಯದ ಪ್ರತಿ ವಿದ್ಯಾರ್ಥಿಗೂ ಶಿಕ್ಷಣ ಇಲಾಖೆ ಕೊಡುವ ಗುರುತಿನ ನಂಬರ್, ಶಾಲೆಯ ದಾಖಲೆಯಲ್ಲಿ ಇರುತ್ತೆ. ಆಧಾರ್ ಬೇಕು, ಫೋಟೋ ಬೇಕು, ಮೀಸಲಾತಿ ಕೇಳುವುದಾದರೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. ಪ್ರಮಾಣಪತ್ರದ ಮೇಲೆ ಆರ್‌ಡಿ ಅಂತ ಶುರುವಾಗುವ ನಂಬರ್ ಇರುತ್ತೆ, ಅರ್ಜಿಯಲ್ಲಿ ಅದನ್ನೇ ಕೇಳುತ್ತಾರೆ.

ಎಡವುವ ಜಾಗ ಎರಡು. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು ಹೆಸರು ಇರೋದು ಮೊದಲನೆಯದು. ಆಧಾರ್‌ನಲ್ಲಿ ಅಪ್ಪನ ಹೆಸರೂ ಸೇರಿಕೊಂಡಿರುತ್ತೆ, ಶಾಲೆಯಲ್ಲಿ ಬರೀ ಇನಿಷಿಯಲ್ ಇರುತ್ತೆ. ಅರ್ಜಿ ಕರೆಯುವ ಮುಂಚೆಯೇ ಸರಿ ಮಾಡಿಸಿಕೊಳ್ಳಿ. ಎರಡನೆಯದು, ನಾಡಕಚೇರಿಗೆ ಕೊನೇ ವಾರ ಓಡೋದು. ಆಗ ಇಡೀ ಹೋಬಳಿಯೇ ಅಲ್ಲಿ ನಿಂತಿರುತ್ತೆ. ದಸರಾ ರಜೆಯಲ್ಲೇ ಈ ಕೆಲಸ ಮುಗಿಸಿಟ್ಟುಕೊಳ್ಳಿ. ಅರ್ಜಿಯ ದಿನಾಂಕ ಪ್ರತಿ ವರ್ಷ ಬದಲಾಗುತ್ತೆ, ಹಾಗಾಗಿ ಹೋದ ವರ್ಷದ ದಿನಾಂಕ ನಂಬಿ ಕೂರಬೇಡಿ, ಶಾಲೆಯ ಮುಖ್ಯ ಶಿಕ್ಷಕರನ್ನೋ ಬಿಇಒ ಕಚೇರಿಯನ್ನೋ ಕೇಳುತ್ತಿರಿ. ಬಿಇಒ ಅಂದರೆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ.

ಸೀಟ್ ಕೊಡಿಸ್ತೀವಿ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಅಂಕ ಮತ್ತು ಮೀಸಲಾತಿ ನೋಡಿ ಪಟ್ಟಿ ತಯಾರಾಗುತ್ತೆ.

ಹಂತ 3: ಪರೀಕ್ಷೆ

ನೂರು ಅಂಕದ ಪರೀಕ್ಷೆ. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದದ್ದನ್ನು ಓಎಂಆರ್ ಹಾಳೆಯಲ್ಲಿ ತುಂಬಬೇಕು. ಓಎಂಆರ್ ಅಂದರೆ ಸಾಲು ಸಾಲು ಸಣ್ಣ ವೃತ್ತ ಇರುವ ಹಾಳೆ, ಅದನ್ನು ಯಂತ್ರ ಓದುತ್ತೆ. ಪ್ರಶ್ನೆಗಳು ಮಗ ಓದುತ್ತಿರುವ ಪಠ್ಯದ ಮಟ್ಟದವೇ, ಜೊತೆಗೆ ಸಾಮಾನ್ಯ ಜ್ಞಾನ.

ದಪ್ಪ ದಪ್ಪ ಗೈಡ್ ನಾಲ್ಕು ತರಿಸೋದಕ್ಕಿಂತ ನಾಲ್ಕು ಮತ್ತು ಐದನೇ ಕ್ಲಾಸಿನ ಪಠ್ಯಪುಸ್ತಕವನ್ನೇ ಎರಡು ಸಲ ಓದಿಸಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟು ಮಾಡಿಸಿ. ಓಎಂಆರ್ ಹಾಳೆಯ ಜೆರಾಕ್ಸ್ ತಂದು ಬಾಲ್ ಪೆನ್ನಲ್ಲಿ ವೃತ್ತ ತುಂಬುವುದನ್ನು ಅಭ್ಯಾಸ ಮಾಡಿಸಿ. ಇದು ಸಣ್ಣ ವಿಷಯ ಅಲ್ಲ. ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದ ಹುಡುಗ 23ನೇ ಉತ್ತರವನ್ನು 22ರ ಸಾಲಲ್ಲಿ ತುಂಬಿದರೆ, ಅಲ್ಲಿಂದ ಮುಂದೆ ಎಲ್ಲವೂ ಒಂದು ಸಾಲು ಮೇಲೆ. ಗೊತ್ತಾಗುವುದು ಕೊನೆಗೆ ಒಂದು ಸಾಲು ಖಾಲಿ ಉಳಿದಾಗ, ಆಗ ಪೆನ್ನಲ್ಲಿ ತುಂಬಿದ್ದನ್ನು ಅಳಿಸೋಕಾಗಲ್ಲ. ಪ್ರತಿ ಹತ್ತು ಪ್ರಶ್ನೆಗೆ ಒಮ್ಮೆ ಪ್ರಶ್ನೆ ನಂಬರ್ ಮತ್ತು ಸಾಲಿನ ನಂಬರ್ ಒಂದೇ ಇದೆಯಾ ಅಂತ ಬೆರಳಿಟ್ಟು ನೋಡೋದನ್ನು ಕಲಿಸಿ.

ಪರೀಕ್ಷೆ ಬರೆದು ಬಂದ ದಿನ ಕೀ ಉತ್ತರ ಹಿಡಿದು ಲೆಕ್ಕ ಹಾಕಿಸಬೇಡಿ. ಐದನೇ ಕ್ಲಾಸಿನ ಮಗು ಅದು.

ಹಂತ 4: ಬೇಸಿಗೆ ರಜೆ

ಆಯ್ಕೆ ಪಟ್ಟಿಯಲ್ಲಿ ಹೆಸರು ಬಂತು ಅಂದುಕೊಳ್ಳಿ. ರಜೆಯಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿಸೋದಾ ಅಂತ ಎಲ್ಲರೂ ಕೇಳುತ್ತೀರಿ. ನನ್ನ ಕೇಳಿದರೆ ಬೇಡ. ಬದಲಿಗೆ ಮೂರೇ ಕೆಲಸ ಮಾಡಿಸಿ: ಇಂಗ್ಲಿಷ್ ಸಾಲನ್ನು ನೋಡಿಕೊಂಡು ತಪ್ಪಿಲ್ಲದೆ ಬರೆಯುವುದು, ದಿನಕ್ಕೆ ಅರ್ಧ ಪುಟ. ಇಪ್ಪತ್ತರವರೆಗೆ ಮಗ್ಗಿ. ತನ್ನ ಹೆಸರು, ಊರು, ಶಾಲೆ, ಅಪ್ಪ ಅಮ್ಮನ ಕೆಲಸ, ಇಷ್ಟನ್ನು ಇಂಗ್ಲಿಷಲ್ಲಿ ಐದಾರು ವಾಕ್ಯ ಹೇಳುವುದು. ಮೊದಲ ದಿನ ಇದನ್ನೇ ಕೇಳುತ್ತಾರೆ, ಅದು ಬಂದರೆ ಹುಡುಗನಿಗೆ ಧೈರ್ಯ. ಉಳಿದ ಹೊತ್ತು ಆಡಲಿ, ಅಜ್ಜಿ ಮನೆಗೆ ಹೋಗಲಿ, ಕೆರೆ ಕಡೆ ತಿರುಗಲಿ. ಜೂನ್ ಆದಮೇಲೆ ಅವನಿಗೆ ಹಗಲು ಹೊತ್ತು ಕಡಿಮೆ.

ಹಂತ 5: ಬಸ್ ಪಾಸ್ ಮತ್ತು ಬಸ್

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹುಡುಗಿಯರಿಗೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ ದುಡ್ಡು ಇಲ್ಲ. ಹುಡುಗರಿಗೆ ಪಾಸ್ ಬೇಕೇ ಬೇಕು. ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ. ಮನೆಯಲ್ಲಿ ಆಗದಿದ್ದರೆ ಗ್ರಾಮ ಒನ್ ಕೇಂದ್ರಕ್ಕೆ ಹೋಗಿ. ಶಾಲೆಗೆ ದಾಖಲಾದ ವಾರದಲ್ಲೇ ಅರ್ಜಿ ಹಾಕಿ. ಪಾಸ್ ಕೈಗೆ ಬರುವವರೆಗೆ ದಿನಾ ಟಿಕೆಟ್ ದುಡ್ಡು ಕೊಟ್ಟು ಕಳಿಸಬೇಕು, ಅದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಇಲ್ಲಿ ನಮ್ಮ ಕಡೆಯವರಿಗೆ ಒಂದು ವಿಶೇಷ ತೊಂದರೆ ಇದೆ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯಲ್ಲಿ ಪ್ರೈವೇಟ್ ಬಸ್ ಜಾಸ್ತಿ. ಎಷ್ಟೋ ಹಳ್ಳಿಗೆ ಶಾಲೆ ಹೊತ್ತಿಗೆ ಬರೋದು ಅವೇ. ಕೆಎಸ್‌ಆರ್‌ಟಿಸಿ ಪಾಸ್ ಅಲ್ಲಿ ನಡೆಯಲ್ಲ. ಪಾಸ್ ಮಾಡಿಸಿ, ಆಮೇಲೆ ಬೆಳಗಿನ ಬಸ್ ಪ್ರೈವೇಟ್ ಅಂತ ಗೊತ್ತಾಗಿ, ಪಾಸೂ ದಂಡ, ದಿನಾ ಚಾರ್ಜೂ ದಂಡ ಅಂತ ಬೈಕೊಳ್ಳೋರು ಪ್ರತಿ ವರ್ಷ ಸಿಗುತ್ತಾರೆ. ಹಂತ 1ರಲ್ಲಿ ಬಸ್ ಹತ್ತಿ ನೋಡಿ ಅಂದಿದ್ದು ಇದಕ್ಕೂ ಸೇರಿ. ನಿಮ್ಮ ಊರಿನಿಂದ ಹತ್ತು ಹದಿನೈದು ಮಕ್ಕಳು ಹೋಗುವುದಾದರೆ ಎಲ್ಲ ಪೋಷಕರೂ ಸೇರಿ ಡಿಪೋ ಮ್ಯಾನೇಜರ್‌ಗೆ ಅರ್ಜಿ ಕೊಡಿ. ಒಬ್ಬರು ಹೋಗಿ ಬಾಯಲ್ಲಿ ಕೇಳಿದ್ದಕ್ಕೂ, ಶಾಲೆಯ ಮುಖ್ಯ ಶಿಕ್ಷಕರ ಸಹಿ ಇರುವ ಕಾಗದ ಹಿಡಿದು ಹತ್ತು ಜನ ಹೋಗಿದ್ದಕ್ಕೂ ವ್ಯತ್ಯಾಸ ಇದೆ.

ಹುಡುಗನಿಗೆ ಖಂಡಿತವಾಗಿ ಹೇಳಬೇಕಾದ್ದು: ಬಾಗಿಲಲ್ಲಿ ಜೋತು ಬೀಳಬಾರದು. ಹೈವೇ ಗೇಟಲ್ಲಿ ಇಳಿದಮೇಲೆ ಬಸ್ ಹೋಗುವವರೆಗೆ ನಿಂತು ಆಮೇಲೆ ರಸ್ತೆ ದಾಟಬೇಕು, ಬಸ್ಸಿನ ಮುಂದಿನಿಂದ ದಾಟಬಾರದು. ದೊಡ್ಡ ಹುಡುಗರು ಬಸ್ಸಲ್ಲಿ ಪೀಡಿಸಿದರೆ ಮನೆಯಲ್ಲಿ ಹೇಳಬೇಕು. ಹೇಳಿದರೆ ನೀವು "ನೀನೇನ್ ಮಾಡಿದ್ದೆ?" ಅಂತ ಅವನನ್ನೇ ಮೊದಲು ಕೇಳಬೇಡಿ, ಎರಡನೇ ಸಲ ಅವನು ಹೇಳಲ್ಲ.

ಹಂತ 6: ಮೊದಲ ಮೂರು ತಿಂಗಳು, ಕನ್ನಡದಿಂದ ಇಂಗ್ಲಿಷಿಗೆ

ಈ ಹಂತವನ್ನು ನಿಧಾನವಾಗಿ ಓದಿ. ಉಳಿದಿದ್ದನ್ನು ಮರೆತರೂ ಪರವಾಗಿಲ್ಲ.

ಐದನೇ ಕ್ಲಾಸ್‌ವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಜೂನ್‌ನಲ್ಲಿ ಬಂದು ಕೂತಾಗ ಅವನಿಗೆ ವಿಷಯ ಗೊತ್ತಿರುತ್ತೆ, ಪದ ಗೊತ್ತಿರಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಒಂದು ಸಲ ಬೋರ್ಡ್ ಮೇಲೆ ಲೆಕ್ಕ ಬರೆದೆ. ಒಂದು ಜಮೀನು, ಉದ್ದ 40 ಮೀಟರ್, ಅಗಲ 25 ಮೀಟರ್, ಅದರ ಪೆರಿಮೀಟರ್ ಎಷ್ಟು. ಮೂರನೇ ಬೆಂಚಿನ ಹುಡುಗ 1000 ಅಂತ ಬರೆದ. ಗುಣಾಕಾರ ಒಂದಿಷ್ಟೂ ತಪ್ಪಿಲ್ಲ. ಅವನ ಪಕ್ಕ ಕೂತು ಕನ್ನಡದಲ್ಲಿ ಕೇಳಿದೆ, "ನಿಮ್ಮ ಹೊಲಕ್ಕೆ ಸುತ್ತಲೂ ಒಂದು ಸುತ್ತು ತಂತಿ ಬೇಲಿ ಹಾಕಬೇಕು, ಎಷ್ಟು ಮೀಟರ್ ತಂತಿ ತರ್ತೀಯ?" ಅವನು ಪೆನ್ ಕೂಡ ಮುಟ್ಟಲಿಲ್ಲ, 130 ಅಂದ. ಸುತ್ತಳತೆ ಅವನಿಗೆ ಚೆನ್ನಾಗಿ ಗೊತ್ತು. ಪೆರಿಮೀಟರ್ ಅಂದರೆ ಸುತ್ತಳತೆ ಅಂತ ಗೊತ್ತಿಲ್ಲ, ಅಷ್ಟೇ. ಆದರೆ ಪರೀಕ್ಷೆಯಲ್ಲಿ ಅದಕ್ಕೆ ಸೊನ್ನೆ, ಮನೆಯಲ್ಲಿ "ಲೆಕ್ಕ ಬರಲ್ಲ ಇವನಿಗೆ" ಅನ್ನೋ ಮಾತು. ಇಂಥ ಹುಡುಗನನ್ನು ಗಣಿತದ ಟ್ಯೂಷನ್‌ಗೆ ಹಾಕಿ ಏನು ಪ್ರಯೋಜನ?

ಇದಕ್ಕೆ ಮದ್ದು ಒಂದು ನೋಟ್‌ಬುಕ್. ನೂರು ಪುಟದ ಉದ್ದ ನೋಟ್‌ಬುಕ್ ತನ್ನಿ, ಪ್ರತಿ ಪುಟಕ್ಕೆ ಸ್ಕೇಲ್ ಇಟ್ಟು ಮೂರು ಕಾಲಂ ಎಳೆಸಿ. ಮೊದಲನೆಯದರಲ್ಲಿ ಇಂಗ್ಲಿಷ್ ಪದ, ಅದರ ಸ್ಪೆಲ್ಲಿಂಗ್ ಜೊತೆ. ಎರಡನೆಯದರಲ್ಲಿ ಅದನ್ನು ಹೇಗೆ ಹೇಳಬೇಕು ಅಂತ ಕನ್ನಡ ಅಕ್ಷರದಲ್ಲಿ. ಮೂರನೆಯದರಲ್ಲಿ ಕನ್ನಡ ಮಾಧ್ಯಮದ ಪುಸ್ತಕದಲ್ಲಿ ಅವನು ಓದಿದ್ದ ಪದ. ನ್ಯೂಮರೇಟರ್ ಅಂದರೆ ಅಂಶ, ಡಿನಾಮಿನೇಟರ್ ಅಂದರೆ ಛೇದ. ಏರಿಯಾ ವಿಸ್ತೀರ್ಣ. ಎಲ್‌ಸಿಎಂ ಅಂದರೆ ಲ.ಸಾ.ಅ. ಫ್ರಿಕ್ಷನ್ ಘರ್ಷಣೆ, ಫೋಟೋಸಿಂಥೆಸಿಸ್ ದ್ಯುತಿಸಂಶ್ಲೇಷಣೆ. ದಿನಕ್ಕೆ ಐದೇ ಪದ, ಆ ದಿನದ ಪಾಠದಿಂದಲೇ. ಡಿಕ್ಷನರಿಯಿಂದ ಆರಿಸಿ ಬರೆಸಬೇಡಿ. ದಿನಕ್ಕೆ ಐದಾದರೆ ತಿಂಗಳಿಗೆ ನೂರು ದಾಟುತ್ತೆ, ದಸರಾ ರಜೆ ಹೊತ್ತಿಗೆ ಮುನ್ನೂರು ದಾಟಿರುತ್ತೆ. ಆರನೇ ಕ್ಲಾಸಿನ ಗಣಿತ, ವಿಜ್ಞಾನ, ಸಮಾಜಕ್ಕೆ ಅಷ್ಟು ಪದ ಇದ್ದರೆ ಹುಡುಗ ಯಾರ ಕೈಯನ್ನೂ ಹಿಡಿಯಬೇಕಿಲ್ಲ.

ಜೊತೆಗೆ ಪ್ರಶ್ನೆಯಲ್ಲಿ ಮತ್ತೆ ಮತ್ತೆ ಬರುವ ಪದಗಳ ಒಂದು ಪುಟ ಬೇರೆ ಇರಲಿ. ಡಿಫೈನ್ ಅಂದರೆ ವ್ಯಾಖ್ಯಾನ ಬರೆಯಿರಿ, ಎಕ್ಸ್‌ಪ್ಲೇನ್ ಅಂದರೆ ವಿವರಿಸಿ, ಕಂಪೇರ್ ಅಂದರೆ ಹೋಲಿಸಿ, ಗಿವ್ ರೀಸನ್ಸ್ ಅಂದರೆ ಕಾರಣ ಕೊಡಿ, ಇವು. ಉತ್ತರ ಗೊತ್ತಿದ್ದೂ ಪ್ರಶ್ನೆ ಅರ್ಥವಾಗದೆ ಕಳೆದುಕೊಳ್ಳುವ ಅಂಕ ಕಡಿಮೆಯೇನಲ್ಲ.

ಎರಡನೆಯ ಉಪಾಯ: ಅದೇ ತರಗತಿಯ ಕನ್ನಡ ಮಾಧ್ಯಮದ ವಿಜ್ಞಾನ, ಗಣಿತ, ಸಮಾಜ ವಿಜ್ಞಾನ ಪುಸ್ತಕಗಳನ್ನು ಮನೆಯಲ್ಲಿ ಇಟ್ಟುಕೊಳ್ಳಿ. ಪಕ್ಕದ ಮನೆಯಲ್ಲಿ ಏಳನೇ ಕ್ಲಾಸಿಗೆ ಹೋದ ಹುಡುಗ ಇದ್ದರೆ ಅವನ ಹಳೆ ಪುಸ್ತಕ ಸಾಕು. ಇಲ್ಲದಿದ್ದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಪುಕ್ಕಟೆ ಸಿಗುತ್ತೆ. ಪಾಠ ಅದೇ, ಚಿತ್ರ ಅದೇ, ಭಾಷೆ ಮಾತ್ರ ಬೇರೆ. ನಾಳೆ ಶಾಲೆಯಲ್ಲಿ ನಡೆಯುವ ಪಾಠವನ್ನು ಇವತ್ತು ರಾತ್ರಿ ಕನ್ನಡದಲ್ಲಿ ಒಂದು ಸಲ ಓದಿ ಮಲಗಿದರೆ, ಬೆಳಗ್ಗೆ ಇಂಗ್ಲಿಷಲ್ಲಿ ಕೇಳುವಾಗ ಕತೆ ಗೊತ್ತಿರುವ ನಾಟಕ ನೋಡಿದ ಹಾಗೆ. ಕನ್ನಡ ಪುಸ್ತಕ ಓದಿದರೆ ಇಂಗ್ಲಿಷ್ ಬರಲ್ಲ ಅಂತ ಕೆಲವರು ಹೆದರಿಸುತ್ತಾರೆ. ನಾನು ನೋಡಿದ ಮಟ್ಟಿಗೆ ಉಲ್ಟಾ, ಕನ್ನಡದಲ್ಲಿ ಅರ್ಥ ಮಾಡಿಕೊಂಡವರೇ ಇಂಗ್ಲಿಷಲ್ಲಿ ಸ್ವಂತ ವಾಕ್ಯ ಬರೆಯುತ್ತಾರೆ.

"ಸರ್, ನಮಗೇ ಇಂಗ್ಲಿಷ್ ಬರಲ್ಲ, ಮಗನಿಗೆ ಹೇಗೆ ಹೇಳಿಕೊಡೋದು?" ಇದು ಅಮ್ಮಂದಿರು ಜಾಸ್ತಿ ಕೇಳುವ ಪ್ರಶ್ನೆ, ಸಂಕೋಚದಿಂದ ಕೇಳುತ್ತಾರೆ. ತಾಯಿ, ನೀವು ಹೇಳಿಕೊಡಬೇಕಿಲ್ಲ. ರೊಟ್ಟಿ ತಟ್ಟುತ್ತಾ ಕೂತಿರುವಾಗ ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿ, "ಇವತ್ತು ಮೇಷ್ಟ್ರು ಏನ್ ಹೇಳಿಕೊಟ್ರಪ್ಪ? ನನಗೆ ಅರ್ಥ ಆಗೋ ಹಂಗೆ ಹೇಳು." ಅವನು ಕನ್ನಡದಲ್ಲಿ ನಿಮಗೆ ಬಿಡಿಸಿ ಹೇಳಿದರೆ ಪಾಠ ಅರ್ಥವಾಗಿದೆ. ಇಂಗ್ಲಿಷ್ ವಾಕ್ಯವನ್ನೇ ಗಡಗಡ ಒಪ್ಪಿಸಿದರೆ ಬಾಯಿಪಾಠ ಮಾಡಿದ್ದಾನೆ. ಇದನ್ನು ಪತ್ತೆ ಮಾಡಲು ನಿಮಗೆ ಒಂದಕ್ಷರ ಇಂಗ್ಲಿಷ್ ಬೇಡ.

ಎಚ್ಚರಿಕೆ: ಗೈಡ್ ನೋಡಿ ಪ್ರಶ್ನೋತ್ತರ ಇಳಿಸುವ ಅಭ್ಯಾಸ ಇದೇ ಮೂರು ತಿಂಗಳಲ್ಲಿ ಹತ್ತಿಕೊಳ್ಳುತ್ತೆ. ನೋಟ್ಸ್ ಚೆಂದ ಇರುತ್ತೆ, ಅಕ್ಷರ ಮುದ್ದಾಗಿರುತ್ತೆ, ತಲೆಯಲ್ಲಿ ಏನೂ ಇರಲ್ಲ. ತಪ್ಪು ಇಂಗ್ಲಿಷ್ ಆದರೂ ಸ್ವಂತ ಎರಡು ವಾಕ್ಯ ಬರೆಯಲಿ. ಅದನ್ನು ತಿದ್ದೋದು ನಮ್ಮ ಕೆಲಸ, ಸಂತೋಷದಿಂದ ತಿದ್ದುತ್ತೇವೆ.

ಹಂತ 7: ಸಂಜೆ ಹೊತ್ತು

ಐದೂವರೆ ಆರಕ್ಕೆ ಮನೆ ಸೇರುವ ಹುಡುಗನಿಗೆ ಮಲಗುವವರೆಗೆ ಇರೋದು ಮೂರೂವರೆ ಗಂಟೆ. ಅದರಲ್ಲಿ ಟ್ಯೂಷನ್‌ಗೆ ಎರಡು ಗಂಟೆ ತೆಗೆದರೆ ಉಳಿದಿದ್ದು ಏನು? ಆರನೇ ಕ್ಲಾಸಲ್ಲಿ ಟ್ಯೂಷನ್ ಬೇಡ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಎಂಟು, ಒಂಬತ್ತಕ್ಕೆ ಒಂದೇ ಒಂದು ವಿಷಯದಲ್ಲಿ ತೀರಾ ಹಿಂದಿದ್ದರೆ ಆಗ ನೋಡೋಣ.

ಬಂದ ಕೂಡಲೇ ಏನಾದರೂ ತಿನ್ನಲಿ, ಮಂಡಕ್ಕಿ ಒಗ್ಗರಣೆಯೋ, ಬೆಳಗಿನ ರೊಟ್ಟಿಯೋ. ಮುಕ್ಕಾಲು ಗಂಟೆ ಹೊರಗೆ ಆಡಲಿ. ಆಮೇಲೆ ಶಾಲೆಯ ಬರವಣಿಗೆ ಒಂದು ಗಂಟೆ, ಊಟ, ಪದದ ನೋಟ್‌ಬುಕ್ ಹದಿನೈದು ನಿಮಿಷ, ನಾಳೆಯ ಪಾಠದ ಕನ್ನಡ ಓದು ಇಪ್ಪತ್ತು ನಿಮಿಷ. ಒಂಬತ್ತೂವರೆಗೆ ದೀಪ ಆರಬೇಕು. ಬೆಳಗ್ಗೆ ಏಳುವಾಗ ಕರೆಂಟ್ ಇರುತ್ತೋ ಇಲ್ಲವೋ, ಚೀಲ ರಾತ್ರಿಯೇ ಜೋಡಿಸಿಡುವ ಅಭ್ಯಾಸ ಒಳ್ಳೆಯದು.

ಫೋನ್ ಬಗ್ಗೆ ಒಂದೇ ಮಾತು. ದೂರ ಹೋಗ್ತಾನೆ, ಬಸ್ ತಪ್ಪಿದರೆ ತಿಳಿಸಲಿ ಅಂತ ಸ್ಮಾರ್ಟ್‌ಫೋನ್ ಕೊಡಿಸಬೇಡಿ. ಬಸ್ ತಪ್ಪಿದರೆ ಶಾಲೆಗೆ ವಾಪಸ್ ಬರಲಿ, ಅಥವಾ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಹತ್ತಿರ ಹೋಗಿ ನಿಮ್ಮ ನಂಬರ್ ಹೇಳಲಿ. ನಿಮ್ಮಿಬ್ಬರ ನಂಬರ್ ಅವನಿಗೆ ಬಾಯಿಗೆ ಬರಬೇಕು, ಚೀಲದೊಳಗೂ ಬರೆದಿರಬೇಕು.

ಹಂತ 8: ಎಫ್‌ಎ, ಎಸ್‌ಎ ಅಂಕಗಳನ್ನು ಓದುವುದು

ವರ್ಷಕ್ಕೆ ನಾಲ್ಕು ಎಫ್‌ಎ, ಎರಡು ಎಸ್‌ಎ. ಎಫ್‌ಎ ಅಂದರೆ ರೂಪಣಾತ್ಮಕ ಮೌಲ್ಯಮಾಪನ: ಸಣ್ಣ ಟೆಸ್ಟ್, ಚಟುವಟಿಕೆ, ಪ್ರಾಜೆಕ್ಟ್. ಎಸ್‌ಎ ಅಂದರೆ ಸಂಕಲನಾತ್ಮಕ, ಅರ್ಧವಾರ್ಷಿಕ ಮತ್ತು ವಾರ್ಷಿಕ ಪರೀಕ್ಷೆ ಅಂತ ನಾವು ಹಿಂದೆ ಕರೆಯುತ್ತಿದ್ದದ್ದು. ಮೊದಲ ಎಸ್‌ಎ ದಸರಾ ರಜೆಗೆ ಮುಂಚೆ, ಎರಡನೆಯದು ಮಾರ್ಚ್ ಆಸುಪಾಸು.

ಮೊದಲ ಎಫ್‌ಎಯಲ್ಲಿ ಅಂಕ ಕಡಿಮೆ ಬರುತ್ತೆ. ಬರಲೇಬೇಕು ಅಂತಲೇ ಇಟ್ಟುಕೊಳ್ಳಿ. ಊರ ಶಾಲೆಯಲ್ಲಿ ನಿಮ್ಮ ಮಗ ಫಸ್ಟ್ ಇದ್ದ. ಇಲ್ಲಿ ಕೂತಿರೋರೆಲ್ಲ ಅವರವರ ಊರಲ್ಲಿ ಫಸ್ಟ್ ಇದ್ದವರೇ. ಹತ್ತಾರು ಫಸ್ಟ್‌ಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿದರೆ ಒಬ್ಬ ಇಪ್ಪತ್ತೈದನೆಯವನು ಆಗಲೇಬೇಕಲ್ವಾ? ಊರಲ್ಲಿ ಕ್ಲಾಸ್ ಲೀಡರ್ ಆಗಿದ್ದ ಹುಡುಗ ಇಲ್ಲಿ ಎರಡು ತಿಂಗಳು ಕೈಯೆತ್ತದೆ ಕೂರುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಉತ್ತರ ಗೊತ್ತಿರುತ್ತೆ, ತುಟಿ ಅಲ್ಲಾಡುತ್ತೆ, ಕೈ ಮಾತ್ರ ಮೇಲೆ ಬರಲ್ಲ.

ಆಗ ಮನೆಯಲ್ಲಿ ಆಡಬಾರದ ಮಾತು, "ಅಲ್ಲಿ ಫಸ್ಟ್ ಬರ್ತಿದ್ದೆ, ಇಲ್ಲಿ ಏನ್ ಬಂತು ನಿನಗೆ?" ಇನ್ನೊಂದು, "ಅವರ ಮಗ ನೋಡು." ಮೊದಲ ಎಫ್‌ಎ ಅಂಕದ ಪಕ್ಕ ಎರಡನೆಯದನ್ನು ಬರೆದು ನೋಡಿ. ಅವನ ಅಂಕ, ಅವನದೇ ಹಳೆ ಅಂಕ. ಏರಿದ್ದರೆ ಖುಷಿಪಡಿ. ಇಳಿದಿದ್ದರೆ ಪೋಷಕರ ಸಭೆಗೆ ಉತ್ತರಪತ್ರಿಕೆ ಹಿಡಿದುಕೊಂಡು ಬನ್ನಿ. "ಹೇಗೆ ಓದ್ತಾನೆ ಸರ್?" ಅಂತ ಕೇಳಿದರೆ ನಾವು "ಪರವಾಗಿಲ್ಲ" ಅಂತೀವಿ, ಇಬ್ಬರಿಗೂ ಉಪಯೋಗ ಇಲ್ಲ. "ಈ ಪ್ರಶ್ನೆ ಯಾಕೆ ತಪ್ಪಾಯ್ತು?" ಅಂತ ಬೆರಳಿಟ್ಟು ಕೇಳಿ. ಪದ ಗೊತ್ತಿರಲಿಲ್ಲವೋ, ವಿಷಯ ಗೊತ್ತಿರಲಿಲ್ಲವೋ, ಹೊತ್ತು ಸಾಲಲಿಲ್ಲವೋ, ಮೂರರಲ್ಲಿ ಒಂದು ಇರುತ್ತೆ. ಮೂರಕ್ಕೂ ಮದ್ದು ಬೇರೆ ಬೇರೆ. ಸಭೆಗೆ ಅಪ್ಪನೂ ಬರಲಿ, ಹುಡುಗರಿಗೆ ಅದು ಬೇಕು. ಶೇಂಗಾ ಕೀಳುವ ಕಾಲ, ಕೂಲಿ ತಪ್ಪುತ್ತೆ, ಗೊತ್ತು. ವರ್ಷಕ್ಕೆ ಎರಡೇ ಸಲ ಬನ್ನಿ.

ಕನ್ನಡವನ್ನು ಕಡೆಗಣಿಸಬೇಡಿ. ಇಂಗ್ಲಿಷ್ ಮಾಧ್ಯಮ ಆದರೂ ಕನ್ನಡ ಒಂದು ಭಾಷೆಯಾಗಿ ಇರುತ್ತೆ. "ನಮ್ಮ ಭಾಷೆ ತಾನೇ" ಅಂತ ಮುಟ್ಟದೆ ಬಿಟ್ಟು, ಒಂಬತ್ತಕ್ಕೆ ಬರುವಾಗ ಹಳಗನ್ನಡ ಪದ್ಯ ನೋಡಿ ಕಂಗಾಲಾಗುವವರಿದ್ದಾರೆ.

ಹಂತ 9: ಓದಿನ ಜೊತೆಗಿನದು

ಪ್ರತಿಭಾ ಕಾರಂಜಿ, ತಾಲ್ಲೂಕು ಮಟ್ಟದ ಕ್ರೀಡಾಕೂಟ, ಸ್ಕೌಟ್ಸ್, ಇವಕ್ಕೆ ಹೆಸರು ಕೊಡಲಿ. ಕೈಯೆತ್ತದ ಹುಡುಗ ಕಬಡ್ಡಿ ಅಂಕಣದಲ್ಲಿ ಬಾಯಿ ಬಿಡುತ್ತಾನೆ, ಆಮೇಲೆ ಕ್ಲಾಸಲ್ಲೂ ಬಿಡುತ್ತಾನೆ. ಸಂಜೆ ಅಭ್ಯಾಸ ಇದ್ದ ದಿನ ಬಸ್ ಯಾವುದು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ, ಹಳ್ಳಿ ಹುಡುಗರು ಟೀಮಿಂದ ಹೊರಗುಳಿಯೋದು ಬಹಳ ಸಲ ಆ ಬಸ್ಸಿನಿಂದಲೇ.

ಇನ್‌ಸ್ಪೈರ್ ಮಾನಕ್ ಅನ್ನೋ ಕೇಂದ್ರದ ಯೋಜನೆ ಇದೆ. ಆರನೇ ಕ್ಲಾಸಿನಿಂದಲೇ ಮಕ್ಕಳು ತಮ್ಮದೇ ಒಂದು ಹೊಸ ಐಡಿಯಾ ಕಳಿಸಬಹುದು, ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ. ಯೂಟ್ಯೂಬ್ ನೋಡಿ ಮಾಡಿದ್ದು ಬೇಡ. ಮನೆಯಲ್ಲಿ, ಹೊಲದಲ್ಲಿ ಅವನು ಕಂಡ ತೊಂದರೆಯಿಂದ ಶುರುಮಾಡಲಿ. ಶೇಂಗಾ ಬಿಡಿಸುವಾಗ ಅಮ್ಮನ ಬೆರಳು ನೋಯುತ್ತಲ್ಲ, ಅಂಥದ್ದು.

ಎಂಟನೇ ಕ್ಲಾಸಲ್ಲಿ ತಪ್ಪಿಸಬಾರದ ಒಂದು ಪರೀಕ್ಷೆ ಎನ್‌ಎಂಎಂಎಸ್. ಇದು ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ, ಪೋಷಕರ ವಾರ್ಷಿಕ ಆದಾಯ 3.5 ಲಕ್ಷ ಮೀರಿರಬಾರದು. ಏಳನೇ ಕ್ಲಾಸಲ್ಲಿ ಶೇ 55 ಅಂಕ ಬೇಕು, ಪರಿಶಿಷ್ಟ ಜಾತಿ ಪಂಗಡದವರಿಗೆ ಶೇ 50. ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ಎರಡು ಪತ್ರಿಕೆ, ತಲಾ 90 ಪ್ರಶ್ನೆ: ಒಂದು ಬುದ್ಧಿಶಕ್ತಿ, ಇನ್ನೊಂದು ಶಾಲಾ ವಿಷಯಗಳು. ಏಳನೇ ಕ್ಲಾಸಿನ ಅಂಕವೇ ಇಲ್ಲಿ ಬಾಗಿಲು, ಹಾಗಾಗಿ ಏಳನ್ನು ಹಗುರವಾಗಿ ಬಿಡಬೇಡಿ. ಮಗನ ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿ ಇಟ್ಟಿರಿ, ಪಾಸಾಗಿಯೂ ದುಡ್ಡು ಬರಲಿಲ್ಲ ಅನ್ನೋರ ತೊಂದರೆ ಬಹಳ ಸಲ ಅಲ್ಲೇ ಇರುತ್ತೆ.

ಭಾನುವಾರ ಊರ ಗೆಳೆಯರ ಜೊತೆ ಆಡಲು ಬಿಡಿ. "ನೀನೀಗ ಇಂಗ್ಲಿಷ್ ಸ್ಕೂಲು" ಅಂತ ಅವರು ದೂರ ಇಟ್ಟರೆ ಹುಡುಗ ಅಲ್ಲಿಗೂ ಇಲ್ಲ, ಇಲ್ಲಿಗೂ ಇಲ್ಲ ಅನ್ನೋ ಹಾಗಾಗುತ್ತಾನೆ. ಅವನ ಜೊತೆ ಐದು ವರ್ಷ ಒಂದೇ ಚಾಪೆ ಮೇಲೆ ಕೂತವರು ಅವರು.

ಹಂತ 10: ಒಂಬತ್ತು ಮತ್ತು ಹತ್ತು

ಇಲ್ಲಿಗೆ ಬರುವಷ್ಟರಲ್ಲಿ ಹುಡುಗನಿಗೆ ದಾರಿ ಗೊತ್ತಾಗಿರುತ್ತೆ. ಎಸ್ಸೆಸ್ಸೆಲ್ಸಿ ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100. ಈ ನೂರರಲ್ಲಿ 20 ಅಂಕ ಶಾಲೆಯಲ್ಲೇ ಕೊಡುವ ಆಂತರಿಕ ಅಂಕ, ವರ್ಷವಿಡೀ ಮಾಡಿದ ಕೆಲಸಕ್ಕೆ. ಹಾಗಾಗಿ ಹತ್ತನೇ ಕ್ಲಾಸಿನ ಜೂನ್‌ನಿಂದಲೇ ಪರೀಕ್ಷೆ ಶುರು ಅಂತ ತಿಳಿಯಿರಿ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಯಾವುದರಲ್ಲಿ ಜಾಸ್ತಿ ಅಂಕವೋ ಅದನ್ನು ಉಳಿಸಿಕೊಳ್ಳಬಹುದು. ಇದು ಆತಂಕ ಕಡಿಮೆ ಮಾಡೋಕೆ ಒಳ್ಳೆಯದು. ಆದರೆ ಎರಡನೇ ಪರೀಕ್ಷೆ ಇದೆಯಲ್ಲ ಅಂತ ಮೊದಲನೆಯದನ್ನು ಸಡಿಲ ಬಿಟ್ಟರೆ ಪಿಯುಸಿ ಕಾಲೇಜಿಗೆ ಅರ್ಜಿ ಹಾಕುವ ಹೊತ್ತಿಗೆ ಕೈಯಲ್ಲಿ ಒಳ್ಳೆಯ ಅಂಕಪಟ್ಟಿ ಇರಲ್ಲ.

ಕೊನೆಯದಾಗಿ, ಎಸ್ಸೆಸ್ಸೆಲ್ಸಿಗೆ ನೋಂದಣಿ ಮಾಡಿಸುವಾಗ ಶಾಲೆಯಲ್ಲಿ ಒಂದು ಪ್ರತಿ ಕೊಟ್ಟು ಪೋಷಕರ ಸಹಿ ಕೇಳುತ್ತಾರೆ. ಅದರಲ್ಲಿ ಮಗನ ಹೆಸರು, ನಿಮ್ಮಿಬ್ಬರ ಹೆಸರು, ಹುಟ್ಟಿದ ದಿನಾಂಕ ಇರುತ್ತೆ. ಮುಂದೆ ಪಿಯುಸಿಗೆ, ಡಿಗ್ರಿಗೆ, ಪಾಸ್‌ಪೋರ್ಟಿಗೆ, ಕೆಲಸಕ್ಕೆ ಎಲ್ಲದಕ್ಕೂ ಇದನ್ನೇ ನೋಡುತ್ತಾರೆ. ಮಗನ ಕೈಲಿ ಕಳಿಸಿ ಸಹಿ ಹಾಕಿ ವಾಪಸ್ ಕೊಡಬೇಡಿ. ಆಧಾರ್ ಮತ್ತು ಜನನ ಪ್ರಮಾಣಪತ್ರ ಹಿಡಿದು ಶಾಲೆಗೆ ಬನ್ನಿ, ಮೇಷ್ಟ್ರ ಮುಂದೆ ಕೂತು ಇಂಗ್ಲಿಷ್ ಸ್ಪೆಲ್ಲಿಂಗನ್ನು ಮಗನ ಕೈಲೇ ಒಂದೊಂದಕ್ಷರ ಓದಿಸಿ, ಸರಿ ಇದ್ದರೆ ಆಮೇಲೆ ಸಹಿ ಹಾಕಿ.